ಜಗತ್ತಿನ ಮೇಲುಮಹಡಿ

ಕಮಲಾಪುರ
12 ಜೂನ್ 1986

ಚಿ. ಜಯದೇವಿಗೆ ಗುರುಲಿಂಗಪ್ಪನ ಆಶೀರ್ವಾದ.

ನಾನು ನಿನಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ನೀನು ಈ ಮನೆಗೆ ಸೊಸೆಯಾಗಿ ಬಂದು ಐದು ವರ್ಷವಾದರೂ ನಾವಿಬ್ಬರೂ ಎದುರು ನಿಂತು ಮಾತಾಡಿದ್ದಿಲ್ಲ. ಹೇಳುವುದೇನಿದ್ದರೂ ನಿನ್ನ ಅತ್ತೆಯ ಮೂಲಕ ಹೇಳಿಸುತ್ತಿದ್ದೆ. ಆದರೆ ಈಗ ನಿನ್ನ ಹೆಸರು ತೆಗೆದರೆ ಸಾಕು, ಶಿವಕಾಂತಮ್ಮ ಅಳಲು ಶುರುಮಾಡುತ್ತಾಳೆ. ಹೇಳಬೇಕಾದದ್ದು ಅಲ್ಲೇ ಉಳಿಯುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ಮಹಾರುದ್ರ ತೀರಿಕೊಂಡು ನಾಲ್ಕು ತಿಂಗಳಾಯಿತು. ಹದಿನೈದು ದಿನದಲ್ಲಿ ಎಲ್ಲ ಮುಗಿಸಿ ಬರುತ್ತೇನೆಂದು ಹೇಳಿ, ಮಗುವನ್ನು ಇಲ್ಲಿ ಬಿಟ್ಟು ಕಲಬುರಗಿಗೆ ಹೋದವಳು ನೀನು. ಇನ್ನೂ ಬಂದಿಲ್ಲ. ಕಸ್ತೂರಿ ಆರೋಗ್ಯವಾಗಿದ್ದಾಳೆ. ಮೂರು ತುಂಬಿದ ಮಗುವಿಗೆ ಎಷ್ಟು ತಿಳಿಯಬೇಕೋ ಅಷ್ಟು ತಿಳಿದಿದೆ, ಹೆಚ್ಚಿಲ್ಲ.

ನನ್ನ ಮಗ ಕಲಬುರಗಿಯ ಜಗತ್ ಚೌಕದಲ್ಲಿ ಆ ಟೈಪಿಂಗ್ ಶಾಲೆ ತೆಗೆದಾಗಲೇ ನನಗೆ ಒಪ್ಪಿಗೆ ಇರಲಿಲ್ಲ. ಈಗ ಅವನೇ ಇಲ್ಲದ ಮೇಲೆ ಅದನ್ನು ನಡೆಸುವವರು ಯಾರು? ಮಷೀನುಗಳನ್ನು ಯಾರಿಗಾದರೂ ಕೊಟ್ಟುಬಿಡು. ಕೀಲಿಯನ್ನು ಕಟ್ಟಡದ ಮಾಲೀಕರಾದ ಇಮಾಮುದ್ದೀನ್ ಸಾಹೇಬರ ಕೈಗೆ ಒಪ್ಪಿಸು. ತಿಂಗಳ ಕೊನೆಗೆ ನಿನ್ನ ಭಾವ ದೌಲಪ್ಪ ಬಾಳೆಯ ಲಾರಿಯ ಜೊತೆ ಅಲ್ಲಿಗೆ ಬರುತ್ತಾನೆ, ಸಾಮಾನು ತುಂಬಿಕೊಂಡು ಬಾ. ನಿನ್ನ ಭಾವ, ನಿನ್ನ ಅತ್ತೆ, ನಾನು ಎಲ್ಲರೂ ಇರುವ ಮನೆ ಇದು. ನಿನಗೆ ಇಲ್ಲಿ ಯಾವುದಕ್ಕೂ ಕೊರತೆಯಾಗುವುದಿಲ್ಲ.

ಗುರುಲಿಂಗಪ್ಪ


ಕಲಬುರಗಿ, ಜಗತ್
19 ಜೂನ್ 1986

ಮಾವನವರ ಪಾದಗಳಿಗೆ ಜಯದೇವಿಯ ಶರಣು.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೂ ಒಂದು ವಿಷಯ ತಿಳಿಸಬೇಕು.

ಇಲ್ಲಿ ಆರು ಮಷೀನುಗಳಿವೆ, ನಾಲ್ಕು ಇಂಗ್ಲಿಷು, ಎರಡು ಕನ್ನಡ. ಡಿಸೆಂಬರ್ ಪರೀಕ್ಷೆಗೆ ಹದಿನಾಲ್ಕು ಜನ ಕಲಿಯುತ್ತಿದ್ದಾರೆ. ಕೀಲಿ ಕೊಡಲೆಂದೇ ನಾನು ಬಂದಿದ್ದೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಐವರು ಹುಡುಗಿಯರು ಕೂತಿದ್ದರು. ಅವರಲ್ಲಿ ಹಣಮಮ್ಮ ಎಂಬವಳು ದಿನಾ ಹಳ್ಳಿಯಿಂದ ಬಸ್ಸಿನಲ್ಲಿ ನಿಂತುಕೊಂಡು ಬರುವವಳು. "ಅಕ್ಕಾರೆ, ನೀವು ಬಾಗಿಲಾ ಹಾಕಿದ್ರ ನಮ್ಮಪ್ಪ ಮರುದಿನಾನೇ ನನಗ ಗಂಡು ನೋಡ್ತಾನ್ರಿ" ಎಂದಳು. ನಾನು ಮಷೀನುಗಳ ಮೇಲಿನ ಬಟ್ಟೆ ತೆಗೆದೆ. ಮದುವೆಯಾದ ಮೊದಲ ವರ್ಷ ನಿಮ್ಮ ಮಗ ನನಗೆ ಎರಡೂ ಭಾಷೆ ಕಲಿಸಿದ್ದರು. ಬೆರಳು ಮರೆತಿರಲಿಲ್ಲ.

ಇಮಾಮುದ್ದೀನ್ ಸಾಹೇಬರು ಕೆಳಗೆ ಗಡಿಯಾರ ರಿಪೇರಿ ಮಾಡುತ್ತಾರಲ್ಲ, ಅವರಿಗೆ ಮಷೀನು ಕೊಡುವ ವಿಷಯ ಹೇಳಿದೆ. "ಬೇಟಿ, ಮಷೀನ್ ಹೋಗಾಕ ಮೂರ್ ದಿನ ಸಾಕು. ಕಲಿಸೋ ಕೈ ಮತ್ತ ಸಿಗಂಗಿಲ್ಲ. ಜರಾ ಸಬರ್ ಮಾಡು, ತಾಳ್ಕೊ" ಎಂದರು.

ಡಿಸೆಂಬರ್ ಪರೀಕ್ಷೆ ಮುಗಿಯುವವರೆಗೆ ನನಗೆ ಅವಕಾಶ ಕೊಡಿ. ಆರು ತಿಂಗಳು. ಕಸ್ತೂರಿಯನ್ನು ಅಲ್ಲಿಯವರೆಗೆ ಅತ್ತೆಯವರು ನೋಡಿಕೊಂಡರೆ ಸಾಕು.

ಜಯದೇವಿ


ಕಮಲಾಪುರ
4 ಜುಲೈ 1986

ಚಿ. ಜಯದೇವಿಗೆ ಆಶೀರ್ವಾದ.

ಮೂವತ್ತನಾಲ್ಕು ವರ್ಷ ಮಾಸ್ತರಿಕೆ ಮಾಡಿದವನು ನಾನು. ಪರೀಕ್ಷೆಗೆ ಕೂರುವ ಮಕ್ಕಳನ್ನು ನಡುವೆ ಬಿಟ್ಟು ಬಾ ಎಂದು ಹೇಳಲು ನನ್ನಿಂದ ಆಗುವುದಿಲ್ಲ. ಡಿಸೆಂಬರ್ ತನಕ ಇರು. ಹದಿನೈದು ದಿನಕ್ಕೊಮ್ಮೆ ಭಾನುವಾರ ಬಂದು ಮಗುವನ್ನು ನೋಡಿಕೊಂಡು ಹೋಗು.

ನನಗೆ ಗೊತ್ತಿರುವ ಜಗತ್ ಮೂವತ್ತು ವರ್ಷದ ಹಿಂದಿನದು. ಆಗ ಮಧ್ಯಾಹ್ನ ಅಲ್ಲಿ ನಡುರಸ್ತೆಯಲ್ಲಿ ನಾಯಿ ಮಲಗಿರುತ್ತಿದ್ದವು. ಈಗ ಹೇಗಿದೆ, ಯಾರು ಬರುತ್ತಾರೆ, ಒಬ್ಬ ಹೆಣ್ಣುಮಗಳು ಇರುವಂಥ ಜಾಗ ಹೌದೋ ಅಲ್ಲವೋ ಎಂಬುದನ್ನು ಬರೆ. ಹೊಗಳುವುದೂ ಬೇಡ, ತೆಗಳುವುದೂ ಬೇಡ. ಇದ್ದದ್ದನ್ನು ಬರೆ.

ಗುರುಲಿಂಗಪ್ಪ


ಕಲಬುರಗಿ, ಜಗತ್
21 ಸೆಪ್ಟೆಂಬರ್ 1986

ಮಾವನವರಿಗೆ ಶರಣು.

ನೀವು ಕೇಳಿದ್ದನ್ನು ಎರಡು ತಿಂಗಳು ನೋಡಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಆರಕ್ಕೆ ಹಾಲಿನ ಸೈಕಲ್ಲುಗಳು ಬರುತ್ತವೆ. ಎದುರಿಗೆ ಟಾಂಗಾ ನಿಲ್ಲುವ ಜಾಗ. ಕುದುರೆಗಳು ಅಲ್ಲಿಯ ತೊಟ್ಟಿಯಲ್ಲಿ ನೀರು ಕುಡಿಯುತ್ತವೆ. ಏಳಕ್ಕೆ ನಮ್ಮ ಮೊದಲ ತಂಡ. ಹತ್ತರ ಸುಮಾರಿಗೆ ಕಚೇರಿಯವರು, ಕೋರ್ಟಿಗೆ ಹೋಗುವವರು. ಅವರಲ್ಲಿ ಕೆಲವರು ಅರ್ಜಿ ಟೈಪು ಮಾಡಿಸಲು ನಮ್ಮಲ್ಲಿಗೆ ಹತ್ತಿ ಬರುತ್ತಾರೆ. ಮಧ್ಯಾಹ್ನ ನೆಹರು ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಕೊಟ್ಟು ಮುಗಿಸಿದ ರೈತರು ಇತ್ತ ಬರುತ್ತಾರೆ. ಮೊದಲು ಎದುರಿನ ಹೋಟೆಲಿನಲ್ಲಿ ಚುರುಮುರಿಯ ಸುಸ್ಲಾ ತಿನ್ನುತ್ತಾರೆ, ಆಮೇಲೆ ಬಟ್ಟೆ, ಆಮೇಲೆ ಪಕ್ಕದ ಅಂಗಡಿಯಲ್ಲಿ ಬಳೆ. ಗಡಿಯಾರ ಕೊಳ್ಳುವವರು ಇಮಾಮುದ್ದೀನ್ ಸಾಹೇಬರ ಎದುರೇ ಅದನ್ನು ಕಿವಿಗೆ ಹಿಡಿದು ನೋಡುತ್ತಾರೆ. ಸಾಹೇಬರು ಕನ್ನಡದಲ್ಲಿ ಶುರುಮಾಡಿ ಉರ್ದುವಿನಲ್ಲಿ ಮುಗಿಸುತ್ತಾರೆ, ಯಾರಿಗೂ ತೊಂದರೆಯಾಗುವುದಿಲ್ಲ. ಸಂಜೆ ಸಿನಿಮಾಕ್ಕೆ ಹೋಗುವ ಜನ. ಎಂಟರ ಹೊತ್ತಿಗೆ ನಾನು ಬಾಗಿಲು ಹಾಕಿಕೊಳ್ಳುತ್ತೇನೆ. ಹಿಂದಿನ ಕೋಣೆಯಲ್ಲೇ ವಾಸ.

ಸಾಹೇಬರ ಮನೆಯವರು ಮೆಹರುನ್ನಿಸಾ ದಿನಾ ಒಮ್ಮೆ ಬಂದು ವಿಚಾರಿಸುತ್ತಾರೆ. ಮಷೀನು ರಿಪೇರಿಯವರು ತಿಂಗಳಿಗೊಮ್ಮೆ ಕಪನೂರಿನಿಂದ ಬಂದು ಹೋಗುತ್ತಾರೆ. ಭಯಪಡುವಂಥದ್ದು ಏನೂ ಇಲ್ಲ.

ಹೋದ ಭಾನುವಾರ ಕಸ್ತೂರಿ ಮೊದಲು ನನ್ನ ಹತ್ತಿರ ಬರಲಿಲ್ಲ. ಹೊರಡುವಾಗ ಬಂದಳು.

ಜಯದೇವಿ


ಕಮಲಾಪುರ
26 ಜನವರಿ 1987

ಚಿ. ಜಯದೇವಿಗೆ ಆಶೀರ್ವಾದ.

ಹದಿನಾಲ್ಕರಲ್ಲಿ ಹನ್ನೊಂದು ಜನ ಪಾಸಾದದ್ದು ತಿಳಿಯಿತು. ಒಳ್ಳೆಯ ಫಲಿತಾಂಶ. ಆ ಹಣಮಮ್ಮ ಎಂಬ ಹುಡುಗಿ ನಿನ್ನಲ್ಲೇ ಸಹಾಯಕ್ಕೆ ನಿಂತದ್ದೂ ಒಳ್ಳೆಯದು. ಹೊಸ ತಂಡಕ್ಕೆ ಇಪ್ಪತ್ತು ಜನ ಸೇರಿದ್ದಾರೆಂದು ದೌಲಪ್ಪ ಹೇಳಿದ.

ನೀನು ಅಲ್ಲಿ ಇರಬೇಕೆಂದಿರುವುದು ಏಕೆ ಎಂಬುದು ನನಗೆ ಈಗ ಅರ್ಥವಾಗಿದೆ. ನನ್ನ ಮಗ ಕಟ್ಟಿದ್ದನ್ನು ಬೀಳಗೊಡಬಾರದು ಎಂಬ ಹಟ ನಿನ್ನದು. ಬೋರ್ಡಿನ ಮೇಲೆ ಇನ್ನೂ ಅವನ ಹೆಸರೇ ಇದೆಯಂತೆ. ನಿನ್ನ ವಯಸ್ಸಿನ ಹೆಣ್ಣುಮಕ್ಕಳು ಏನೇನೋ ಬಯಸುವ ಕಾಲದಲ್ಲಿ ನೀನು ಗಂಡನ ಹೆಸರಿಗೆ ನಿನ್ನ ಬದುಕನ್ನು ಒಪ್ಪಿಸಿದ್ದೀ. ಊರಿನವರು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಇನ್ನು ಮೇಲೆ ಬಾ ಎಂದು ನಿನ್ನನ್ನು ಒತ್ತಾಯಿಸುವುದಿಲ್ಲ.

ಕಸ್ತೂರಿಗೆ ಅಕ್ಷರ ಕಲಿಸಲು ಶುರುಮಾಡಿದ್ದೇನೆ.

ಗುರುಲಿಂಗಪ್ಪ


ಕಲಬುರಗಿ, ಜಗತ್
2 ಜೂನ್ 1989

ಮಾವನವರಿಗೆ ಶರಣು.

ಎದುರಿನ ಟಾಂಗಾಗಳು ಹೋದವು. ನೀರಿನ ತೊಟ್ಟಿ ಒಡೆದು, ಅಲ್ಲಿ ಆಟೋ ನಿಲ್ಲಿಸುತ್ತಾರೆ. ಟಾಂಗಾ ಹೊಡೆಯುತ್ತಿದ್ದವರಲ್ಲಿ ಇಬ್ಬರು ಆಟೋ ಕಲಿತರು, ಉಳಿದವರು ಎಲ್ಲಿಗೆ ಹೋದರೋ ತಿಳಿಯದು. ಸುಸ್ಲಾ ಹೋಟೆಲಿನ ಪಕ್ಕ ಕ್ಯಾಸೆಟ್ಟಿನ ಅಂಗಡಿ ಬಂದಿದೆ. ಟೀವಿ ಅಂಗಡಿಯ ಮುಂದೆ ಭಾನುವಾರ ಬೆಳಿಗ್ಗೆ ಜನ ರಸ್ತೆಗೆ ಅಡ್ಡವಾಗಿ ನಿಂತು ನೋಡುತ್ತಾರೆ. ಬಸ್ಸು ಕೂಡ ಸ್ವಲ್ಪ ಹೊತ್ತು ನಿಲ್ಲುತ್ತದೆ. ನಮ್ಮಲ್ಲಿ ಈಗ ಹತ್ತು ಮಷೀನು, ನಾಲ್ಕು ತಂಡ.

ಕಸ್ತೂರಿಗೆ ಆರು ತುಂಬಿದೆ. ಅವಳನ್ನು ಇಲ್ಲಿಯ ಶಾಲೆಗೆ ಸೇರಿಸಬೇಕೆಂದು ನನ್ನ ಆಸೆ. ಶಾಲೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ನಾನೂ ಹಣಮಮ್ಮನೂ ಇದ್ದೇವೆ. ಆ ಆರು ತಿಂಗಳು ಬಿಟ್ಟರೆ ಇಷ್ಟು ದಿನ ನಾನು ಯಾವುದನ್ನೂ ಕೇಳಿಲ್ಲ. ಇದೊಂದನ್ನು ಕೇಳುತ್ತೇನೆ.

ಜಯದೇವಿ


ಕಮಲಾಪುರ
11 ಜೂನ್ 1989

ಚಿ. ಜಯದೇವಿಗೆ ಆಶೀರ್ವಾದ.

ಕಸ್ತೂರಿಯನ್ನು ಇಲ್ಲಿಯ ಶಾಲೆಗೆ ಹೋದ ಸೋಮವಾರವೇ ಸೇರಿಸಿದ್ದೇನೆ. ನಾನು ಕಲಿಸಿದ ಶಾಲೆ ಅದು. ಪಾಲಕರು ಎಂದು ನನ್ನ ಹೆಸರು ಬರೆಸಿದ್ದೇನೆ.

ಬೆಳಿಗ್ಗೆ ಏಳರಿಂದ ಸಂಜೆ ಎಂಟರ ತನಕ ಕೆಲಸ ಮಾಡುವವಳು ನೀನು. ಮಗುವಿನ ಹತ್ತಿರ ಕೂರುವುದು ಯಾವಾಗ? ಇಲ್ಲಿ ಅವಳ ಹಿಂದೆ ಮುಂದೆ ಐದು ಜನರಿದ್ದೇವೆ. ನೀನು ಒಂದು ದೊಡ್ಡ ಕೆಲಸ ಹಿಡಿದಿದ್ದೀ. ಎರಡನ್ನೂ ಹಿಡಿಯಲು ಹೋಗಬೇಡ. ನನ್ನ ಮಾತು ಕಠಿಣ ಅನ್ನಿಸಬಹುದು. ಯೋಚಿಸಿದರೆ ಸರಿ ಎಂದು ತಿಳಿಯುತ್ತದೆ.

ಗುರುಲಿಂಗಪ್ಪ


ಕಮಲಾಪುರ
9 ಮಾರ್ಚ್ 1992

ಚಿ. ಜಯದೇವಿಗೆ ಆಶೀರ್ವಾದ.

ನಿನ್ನಿಂದ ಐದು ತಿಂಗಳಿಂದ ಪತ್ರವಿಲ್ಲ. ಭಾನುವಾರ ಬರುತ್ತೀ, ಮಗಳ ತಲೆ ಬಾಚುತ್ತೀ, ಅತ್ತೆಯ ಹತ್ತಿರ ಕೂರುತ್ತೀ. ಏನೋ ಹೇಳಬೇಕೆಂದು ಬಂದವಳಂತೆ ಕಾಣುತ್ತೀ, ಹೇಳದೆ ಹೋಗುತ್ತೀ.

ಹೋದ ವಾರ ಹೆಸರಿಲ್ಲದ ಒಂದು ಕಾರ್ಡು ಬಂತು. ನಿನ್ನ ವಿಷಯವಾಗಿ ಕೊಳಕು ಮಾತು, ಆ ರಿಪೇರಿಯವನ ಹೆಸರು ಸೇರಿಸಿ. ಹರಿದು ಒಲೆಗೆ ಹಾಕಿದೆ. ಆದರೆ ಇನ್ಯಾರಿಗೋ ಅಂಥದ್ದೇ ಕಾರ್ಡು ಬಂದಿರಬೇಕು. ಗುಡಿಯ ಕಟ್ಟೆಯ ಮೇಲೆ ಒಬ್ಬ ನನ್ನೆದುರೇ ಮಾತು ತೆಗೆದ. "ಮಾಸ್ತರ, ನಿಮ್ಮ ಸೊಸಿ ಸುದ್ದಿ ಏನೋ ಕೇಳಾಕತ್ತೀವಿ" ಎಂದ. ನಾನು ನಾಲ್ಕು ಜನರ ಮುಂದೆ ಹೇಳಿದೆ, "ಅದು ಸುಳ್ಳ ಅದ. ಸುಳ್ಳಲ್ಲಂದ್ರ ನಾ ಈ ಕಟ್ಟಿ ಹತ್ತಂಗಿಲ್ಲ."

ಇದನ್ನು ನಿನ್ನನ್ನು ಕೇಳುವುದಕ್ಕಾಗಿ ಬರೆದಿಲ್ಲ. ನಾನು ನಿನ್ನನ್ನು ಏನೂ ಕೇಳುವುದಿಲ್ಲ. ನಿನ್ನ ಬೆನ್ನಿಗೆ ಈ ಮನೆ ಇದೆ ಎಂದು ತಿಳಿಸಲು ಬರೆದೆ.

ಗುರುಲಿಂಗಪ್ಪ


ಕಲಬುರಗಿ, ಜಗತ್
3 ಏಪ್ರಿಲ್ 1992

ಮಾವನವರಿಗೆ ಶರಣು.

ಇದನ್ನು ಇಪ್ಪತ್ತು ದಿನದಿಂದ ಬರೆದು ಹರಿಯುತ್ತಿದ್ದೇನೆ. ಆ ಕಾರ್ಡಿನಲ್ಲಿದ್ದ ಮಾತು ಕೊಳಕಾಗಿರಬಹುದು. ಹೆಸರು ಸುಳ್ಳಲ್ಲ.

ಅವರು ನೀಲಕಂಠ. ಕಪನೂರಿನಲ್ಲಿ ಕಬ್ಬಿಣ ಕೆಲಸದ ಒಂದು ವರ್ಕ್‌ಶಾಪಿನಲ್ಲಿ ದುಡಿಯುತ್ತಾರೆ. ಜೊತೆಗೆ ಊರಿನ ಟೈಪಿಂಗ್ ಶಾಲೆಗಳ ಮಷೀನು ನೋಡಿಕೊಳ್ಳುತ್ತಾರೆ. ನಮ್ಮ ಜನ ಅಲ್ಲ. ವಯಸ್ಸು ಮೂವತ್ತೈದು. ತಮ್ಮಂದಿರ ಓದು ಮುಗಿಸುವುದರಲ್ಲಿ ಮದುವೆಯಾಗದೆ ಉಳಿದವರು.

ಮೂರು ವರ್ಷದ ಹಿಂದೆ, ನೀವು ಕಸ್ತೂರಿಯನ್ನು ಕಳಿಸುವುದಿಲ್ಲವೆಂದು ಬರೆದ ವಾರ, ಅವರು ಒಂದು ಕನ್ನಡ ಮಷೀನು ಬಿಚ್ಚಿಕೊಂಡು ಕೂತಿದ್ದರು. ತಲೆ ಎತ್ತದೆಯೇ "ಒಂದ್ ಮಾತ ಕೇಳ್ಲೇನ್ರಿ?" ಎಂದರು.

"ಕೇಳ್ರಿ."

"ಮತ್ತ ಮದವಿ ಆಗೋ ವಿಚಾರ ಏನರ ಅದ ಏನ್ರಿ ನಿಮ್ಗ?"

"ಇಲ್ರಿ" ಎಂದೆ.

"ಹಂಗಾದ್ರ ನಾ ಕೇಳಿದ್ದು ಮರ್ತಬಿಡ್ರಿ. ಮಷೀನ್ ಕೆಲಸಕ್ಕ ಬರ್ತೀನಿ. ಈ ಮಾತ ಮತ್ತ ತೆಗ್ಯಂಗಿಲ್ಲ."

ತೆಗೆಯಲೂ ಇಲ್ಲ. ಒಂದು ವರ್ಷ ಪೂರ್ತಿ ಬಂದರು, ರಿಬ್ಬನ್ ಹಾಕಿದರು, ಎಣ್ಣೆ ಬಿಟ್ಟರು, ಹೋದರು. ವರ್ಷವಾದ ಮೇಲೆ ನಾನೇ ಕೇಳಿದೆ, "ಹ್ವಾದ ವರ್ಷ ಒಂದ್ ಮಾತ ಕೇಳಿದ್ರಲ್ಲ, ಅದು ಇನ್ನೂ ಅದ ಏನ್ರಿ?" ಕೈಯಲ್ಲಿದ್ದ ಸ್ಕ್ರೂ ಡ್ರೈವರು ಕೆಳಗಿಟ್ಟು "ಅದ" ಎಂದರು. ಅಷ್ಟೇ ನಡೆದದ್ದು.

ಕಮಲಾಪುರದಲ್ಲಿ ಕೇಳಿ ಹೇಳುತ್ತೇನೆಂದು ನಾನು ಅವರಿಗೆ ಮಾತು ಕೊಟ್ಟೆ. ಕೇಳಲೆಂದೇ ಬಂದವಳು ಎಷ್ಟು ಭಾನುವಾರ ಸುಮ್ಮನೆ ತಿರುಗಿ ಹೋಗಿದ್ದೇನೋ ಲೆಕ್ಕವಿಲ್ಲ. ನೀವು ಬೈಯುವವರಾಗಿದ್ದರೆ ಮೊದಲನೆಯ ದಿನವೇ ಹೇಳುತ್ತಿದ್ದೆ. ನೀವು ಹೊಗಳುತ್ತಿದ್ದಿರಿ. ಅದಕ್ಕೇ ನನ್ನ ಬಾಯಿ ಕಟ್ಟಿತು. ನಾನು ಇಲ್ಲಿ ಉಳಿದದ್ದು ನಿಮ್ಮ ಮಗನ ಹೆಸರಿಗಾಗಿ ಅಲ್ಲ, ಮಾವನವರೆ. ಅವರ ನೆನಪು ನನಗಿದೆ. ಆದರೆ ಉಳಿದದ್ದು ಈ ಕೆಲಸ ನನಗೆ ಬರುತ್ತಿತ್ತು ಎಂಬುದಕ್ಕೆ, ಬೆಳಿಗ್ಗೆ ಬಾಗಿಲು ತೆಗೆದರೆ ಯಾರೋ ನನಗಾಗಿ ಕಾದಿರುತ್ತಿದ್ದರು ಎಂಬುದಕ್ಕೆ.

ನಿಮ್ಮ ಒಪ್ಪಿಗೆ ಬೇಕು. ಕಸ್ತೂರಿಯೂ ಬೇಕು. ಎರಡನ್ನೂ ಒಟ್ಟಿಗೆ ಕೇಳುವುದು ಹೆಚ್ಚಾಯಿತೆಂದು ಗೊತ್ತು.

ಜಯದೇವಿ


ಕಲಬುರಗಿ, ಜಗತ್
14 ಜುಲೈ 1992

ಮಾವನವರಿಗೆ ಶರಣು.

ಮೂರು ತಿಂಗಳು ಕಾದೆ. ಭಾನುವಾರ ಬಂದಾಗ ನೀವು ತೋಟದಿಂದ ಮನೆಗೆ ಬರಲಿಲ್ಲ. ನಾಲ್ಕರ ಬಸ್ಸಿನವರೆಗೂ ಕೂತಿದ್ದೆ. ಅತ್ತೆಯವರು ನೀರು ಕೊಟ್ಟು ಹೇಳಿದರು, "ನಾ ಏನೂ ಅನ್ನಂಗಿಲ್ಲ ತಾಯಿ. ನಿನ್ನ ವಯಸ್ಸಿನ್ಯಾಗ ನಾ ಒಬ್ಬಾಕೇ ಇರ್ಲಿಲ್ಲ. ಅವರಿಗೆ ಹೇಳಾಕ ನನ್ ಕಡಿಂದ ಆಗಂಗಿಲ್ಲ."

ಮುಂದಿನ ತಿಂಗಳು ಮೂರನೆಯ ತಾರೀಖು ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮ ಮದುವೆ. ಇಮಾಮುದ್ದೀನ್ ಸಾಹೇಬರೂ ಮೆಹರುನ್ನಿಸಾ ಅವರೂ ಹಣಮಮ್ಮನೂ ಸಾಕ್ಷಿ ಹಾಕುತ್ತಾರೆ. ತಿಳಿಸದೆ ಮಾಡಿಕೊಂಡಳು ಎಂದಾಗಬಾರದು, ಅದಕ್ಕೆ ಬರೆದೆ. ಕಸ್ತೂರಿಯನ್ನು ಎಳೆದುಕೊಂಡು ಬರಲು ನಾನು ಕೋರ್ಟಿಗೆ ಹೋಗುವವಳಲ್ಲ.

ಜಯದೇವಿ


ಕಮಲಾಪುರ
10 ಆಗಸ್ಟ್ 1992

ಶ್ರೀಮತಿ ಜಯದೇವಿಯವರಿಗೆ,

ನಿಮ್ಮ ಪತ್ರಗಳು ತಲುಪಿವೆ. ಕಸ್ತೂರಿ ನಾಲ್ಕನೆಯ ತರಗತಿಯಲ್ಲಿದ್ದಾಳೆ. ಅವಳ ಓದಿಗೆ ಅಡ್ಡಿಯಾಗುವುದು ಬೇಡ. ಇನ್ನು ಮೇಲೆ ತಾವು ಇಲ್ಲಿಗೆ ಬರಬೇಡಿ.

ಗುರುಲಿಂಗಪ್ಪ


ಕಲಬುರಗಿ, ಜಗತ್
16 ನವೆಂಬರ್ 1997

ಗುರುಲಿಂಗಪ್ಪ ಮಾಸ್ತರರಿಗೆ ನಮಸ್ಕಾರ.

ಐದು ವರ್ಷದ ಮೇಲೆ ನಿಮಗೆ ಬರೆಯುತ್ತಿದ್ದೇನೆ. ಉತ್ತರದ ನಿರೀಕ್ಷೆ ಇಲ್ಲ.

ಇಮಾಮುದ್ದೀನ್ ಸಾಹೇಬರು ಹೋದ ಶುಕ್ರವಾರ ತೀರಿಕೊಂಡರು. ಜಗತ್ತಿನ ಅಂಗಡಿಗಳು ಅರ್ಧ ದಿನ ಬಾಗಿಲು ಹಾಕಿದ್ದವು. ಅವರು ನಿಮ್ಮ ಮಗನ ಗೆಳೆಯರಾಗಿದ್ದವರು, ನಿಮಗೆ ತಿಳಿಸಬೇಕಾದದ್ದು ಧರ್ಮ.

ಈ ಕಡೆ ಬಹಳ ಬದಲಾಗಿದೆ. ಗಾಜಿನ ಬಾಗಿಲಿನ ಅಂಗಡಿಗಳು ಬಂದಿವೆ, ರೈತರು ಒಳಗೆ ಕಾಲಿಡಲು ಹಿಂಜರಿಯುತ್ತಾರೆ. ಕ್ಯಾಸೆಟ್ಟಿನ ಅಂಗಡಿ ಈಗ ಎಸ್‌ಟಿಡಿ ಬೂತು. ಟೈಪಿಂಗ್ ಕಲಿಯಲು ಈ ಸಲ ಏಳೇ ಜನ. ಆರು ಮಷೀನು ತೆಗೆದು ಎರಡು ಕಂಪ್ಯೂಟರು ಹಾಕಿದ್ದೇನೆ. ಅದನ್ನು ನಾನು ಹಣಮಮ್ಮನಿಂದ ಕಲಿತೆ. ಮಷೀನು ರಿಪೇರಿ ನಿಂತಿತು. ನೀಲಕಂಠ ಅವರು ಹೊಸ ಕಟ್ಟಡಗಳಿಗೆ ಕಬ್ಬಿಣದ ಶಟರು ಮಾಡುತ್ತಾರೆ.

ಕಸ್ತೂರಿಗೆ ನಾನು ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದೇನೆ. ಅರವತ್ತು ದಾಟಿವೆ. ಒಂದಕ್ಕೂ ಉತ್ತರ ಬಂದಿಲ್ಲ. ನೀವು ನನ್ನನ್ನು ದೂರ ಇಟ್ಟದ್ದು ನಿಮ್ಮ ಹಕ್ಕು ಎಂದು ಸುಮ್ಮನಿದ್ದೆ. ಆದರೆ ಒಂದು ಹೆಣ್ಣುಮಗುವಿಗೆ ಬಂದ ಕಾರ್ಡನ್ನು ಅವಳಿಗೆ ಕೊಡದೆ ಇಟ್ಟುಕೊಳ್ಳುವುದು ಮಾಸ್ತರರಿಗೆ ಶೋಭಿಸುವ ಕೆಲಸವಲ್ಲ. ಇಷ್ಟು ಹೇಳಬೇಕೆನಿಸಿತು.

ಅತ್ತೆಯವರಿಗೆ ಶರಣು.

ಜಯದೇವಿ


ಕಮಲಾಪುರ
30 ಮೇ 1999

ಚಿ. ಜಯದೇವಿಗೆ,

ನೀನು ಎಂದು ಬರೆಯುವ ಅಧಿಕಾರ ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ತಾವು ಎಂದು ಬರೆಯಲು ಮನಸ್ಸಾಗಲಿಲ್ಲ.

ಕಸ್ತೂರಿ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಾಳೆ. ಫಲಿತಾಂಶ ಬಂದ ಮರುದಿನವೇ ದೌಲಪ್ಪ ಒಂದು ಸಂಬಂಧದ ಸುದ್ದಿ ತಂದ. ಒಳ್ಳೆಯ ಮನೆತನ, ಎಂಟು ಎಕರೆ ಬಾಳೆ. ಹದಿನಾರರ ಹುಡುಗಿಗೆ ಮದುವೆ ಎಂಥದ್ದು ಎಂದು ನಾನಂದೆ. "ಹಂಗಾದ್ರ ಏನ್ ಮಾಡೋದು? ಇಲ್ಲಿ ಮುಂದ ಕಾಲೇಜಿಲ್ಲ" ಎಂದ. ನಾನು ಕಸ್ತೂರಿಯನ್ನೇ ಕರೆದು ಕೇಳಿದೆ. "ನಾ ಕಲಬುರಗಿಗೆ ಹೋಗ್ತೀನಿ" ಎಂದಳು. ಶಿವಕಾಂತಮ್ಮ "ನಿಮ್ಮವ್ವನ ಕಡಿ ಹೋಗ್ತೀಯವ್ವಾ?" ಎಂದು ಕೇಳಿದರೆ "ಅಕಿ ಕಡಿ ಅಲ್ಲ. ಕಾಲೇಜಿಗೆ" ಎಂದಳು.

ಇನ್ನು ನಿನ್ನ ಪತ್ರದ ವಿಷಯ. ಒಂದೂವರೆ ವರ್ಷ ಉತ್ತರ ಕೊಡದೆ ಇದ್ದದ್ದಕ್ಕೆ ಕಾರಣವಿದೆ. ನಿನ್ನ ಒಂದೇ ಒಂದು ಕಾರ್ಡನ್ನೂ ನಾನು ತಡೆದಿಲ್ಲ, ಓದಿಯೂ ಇಲ್ಲ. ಬಂದ ದಿನವೇ ಅವಳ ಕೈಗೆ ಕೊಟ್ಟಿದ್ದೇನೆ. ಬರೆಯದೆ ಇದ್ದವಳು ಅವಳೇ. ಒಮ್ಮೆ ಶಿವಕಾಂತಮ್ಮ ಒತ್ತಾಯ ಮಾಡಿದ್ದಕ್ಕೆ, "ಬಿಟ್ಟು ಹ್ವಾದಾಕಿಗೆ ನಾ ಯಾಕ ಬರೀಲಿ?" ಎಂದಳಂತೆ. ಬಿಟ್ಟು ಹೋಗಲಿಲ್ಲ, ಬರಬೇಡ ಎಂದವನು ನಾನು ಎಂದು ಅವಳಿಗೆ ಆಗಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ನಿನಗೆ ಇದನ್ನು ಬರೆದರೆ ನೋವಾಗುತ್ತದೆಂದು ಸುಮ್ಮನಿದ್ದೆ. ನೀನು ನನ್ನನ್ನೇ ತಪ್ಪು ತಿಳಿದುಕೊಂಡಿರಲಿ ಎಂದುಕೊಂಡೆ.

ಇನ್ನೊಂದು. ತೊಂಬತ್ತೆರಡರ ಏಪ್ರಿಲ್‌ನಲ್ಲಿ ನಿನ್ನ ಪತ್ರ ಬಂದ ವಾರ ನಾನು ಯಾರಿಗೂ ಹೇಳದೆ ಬಸ್ಸು ಹತ್ತಿ ಜಗತ್ತಿಗೆ ಬಂದಿದ್ದೆ. ನಿಮ್ಮ ಎದುರಿನ ಹೋಟೆಲಿನಲ್ಲಿ ಕೂತು ಮೂರು ಚಹಾ ಕುಡಿದೆ. ನಿನ್ನ ಮೆಟ್ಟಿಲ ಮೇಲೆ ಇಬ್ಬರು ಕುಡಿದು ಕೂತಿದ್ದರು. ನೀನು ಇಳಿದು ಬಂದು ಏನೋ ಹೇಳಿದೆ, ಅವರು ಎದ್ದು ಹೋದರು. ಆ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ದಿನಾ ಮಾಡುವ ಕೆಲಸದಂತಿತ್ತು. ಭಯಪಡುವಂಥದ್ದು ಏನೂ ಇಲ್ಲ ಎಂದು ಬರೆಯುತ್ತಿದ್ದವಳು ನನಗೆ ಏನೇನು ಬರೆಯದೆ ಬಿಟ್ಟಿರಬಹುದು ಎಂದು ಲೆಕ್ಕ ಹಾಕಿದೆ.

ಆಮೇಲೆ ಅವನು ಬಂದ. ಒಂದು ಮಷೀನನ್ನು ಇಬ್ಬರೂ ಎರಡು ಕಡೆ ಹಿಡಿದು ಇಳಿಸಿಕೊಂಡು ಬಂದು ಆಟೋದಲ್ಲಿ ಇಟ್ಟಿರಿ. ಇಕ್ಕಟ್ಟಾದ ಮೆಟ್ಟಿಲು, ಭಾರವಾದ ಸಾಮಾನು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಯಾವ ಮೆಟ್ಟಿಲಲ್ಲಿ ಯಾರು ತಡೆಯಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು. ಆಗಲೇ ಎದ್ದು ರಸ್ತೆ ದಾಟಿ ಬಂದಿದ್ದರೆ ಏಳು ವರ್ಷ ಉಳಿಯುತ್ತಿದ್ದವು. ದಾಟಲಿಲ್ಲ. ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಆಡಿದ ಮಾತು ನನಗೆ ನಿನಗಿಂತ ದೊಡ್ಡದಾಗಿ ಕಂಡಿತು. ನಾಲ್ಕರ ಬಸ್ಸಿಗೆ ತಿರುಗಿ ಬಂದೆ. ಆ ನಾಲ್ವರಲ್ಲಿ ಈಗ ಮೂವರು ಇಲ್ಲ. ಉಳಿದವನಿಗೆ ಹೋದ ವಾರ ನಿಜ ಹೇಳಿದೆ. ಅವನಿಗೆ ಅಂಥದ್ದೊಂದು ಮಾತು ನಡೆದದ್ದೇ ನೆನಪಿರಲಿಲ್ಲ.

ಹುಡುಗಿಯರ ಹಾಸ್ಟೆಲ್ ಇದೆಯೆಂದು ಗೊತ್ತು. ನಾನು ಅಲ್ಲಿಗೆ ಕಳಿಸುವುದಿಲ್ಲ. ಜೂನ್ ಹದಿನೈದಕ್ಕೆ ಕಸ್ತೂರಿಯನ್ನು ನಾನೇ ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಬೇಡವೆಂದರೆ ಒಂದು ಕಾರ್ಡು ಹಾಕು.

ಗುರುಲಿಂಗಪ್ಪ


ಕಲಬುರಗಿ, ಜಗತ್
19 ಆಗಸ್ಟ್ 1999

ಮಾವನವರಿಗೆ ಶರಣು.

ನೀವು ಬಂದು ಹೋಗಿ ಎರಡು ತಿಂಗಳಾಯಿತು. ಬರೆಯಲು ತಡವಾದದ್ದು ಬರೆಯುವಂಥದ್ದು ಇರಲಿಲ್ಲವೆಂದು.

ಆ ದಿನ ನೀವೂ ಇವರೂ ಒಂದು ತಾಸು ಕೆಂಪು ಬಾಳೆಗೂ ಜವಾರಿ ಬಾಳೆಗೂ ಇರುವ ವ್ಯತ್ಯಾಸ ಮಾತಾಡಿ, ಬೇರೆ ಏನನ್ನೂ ಮಾತಾಡದೆ ಎದ್ದಿರಲ್ಲ, ಇವರು ಅದನ್ನು ಇನ್ನೂ ನೆನೆಸುತ್ತಾರೆ. "ಮಾಸ್ತರು ಭಾಳ ತಿಳಕೊಂಡಾರ" ಎನ್ನುತ್ತಾರೆ. ಯಾವುದರ ಬಗ್ಗೆ ಎಂದು ನಾನು ಕೇಳಲಿಲ್ಲ.

ನಮ್ಮ ಕಟ್ಟಡವನ್ನು ದಸರೆಯ ನಂತರ ಒಡೆಯುತ್ತಾರೆ. ಇಮಾಮುದ್ದೀನ್ ಸಾಹೇಬರ ಮಕ್ಕಳು ಇಲ್ಲಿ ಮೂರು ಮಹಡಿಯ ಕಾಂಪ್ಲೆಕ್ಸ್ ಕಟ್ಟಿಸುತ್ತಾರೆ. ನಮಗೆ ಮೂರನೆಯ ಮಹಡಿಯ ಹಿಂಬದಿಯಲ್ಲಿ ಒಂದು ಕೋಣೆ ಕೊಡುವುದಾಗಿ ಮೆಹರುನ್ನಿಸಾ ಮಕ್ಕಳಿಂದ ಮಾತು ತೆಗೆದುಕೊಂಡಿದ್ದಾರೆ. ಅದರಿಂದ ರಸ್ತೆ ಕಾಣುವುದಿಲ್ಲ. ಕಂಪ್ಯೂಟರಿಗೆ ಧೂಳು ಕಡಿಮೆ ಎಂದು ಹಣಮಮ್ಮನಿಗೆ ಸಂತೋಷ.

ಕಸ್ತೂರಿ ಕಾಲೇಜಿಗೆ ಹೋಗುತ್ತಾಳೆ, ಬರುತ್ತಾಳೆ, ಓದುತ್ತಾಳೆ. ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಬೇಕಾದ್ದು ಕೇಳುವಾಗ "ಹಾಲು ಅವ ಏನ್ರಿ?", "ಕೀಲಿ ಎಲ್ಲಿ ಅದ ರಿ?" ಎಂದು ನೆರೆಯವರನ್ನು ಕೇಳುವಂತೆ ಕೇಳುತ್ತಿದ್ದಳು. ಇವರು ಮನೆಯಲ್ಲಿದ್ದರೆ ತಾಟು ಹಿಡಿದುಕೊಂಡು ಒಳಗೆ ಹೋಗುತ್ತಿದ್ದಳು. ಇವರೇ ಅದನ್ನು ಗಮನಿಸಿ, ಅವಳ ಊಟ ಮುಗಿದ ಮೇಲೆ ಮನೆಗೆ ಬರುವ ರೂಢಿ ಮಾಡಿಕೊಂಡರು.

ಮೊನ್ನೆ ಭಾನುವಾರ ನಾನು ಜೋಳದ ಹಿಟ್ಟು ನಾದುತ್ತಿದ್ದೆ. ಹಿಂದೆ ಬಂದು ನಿಂತು ಕೇಳಿದಳು, "ನೀವು ನನ್ನ ಯಾಕ ಬಿಟ್ಟು ಬಂದ್ರಿ?"

ಬರಬೇಡಿ ಎಂದು ನೀವು ಬರೆದದ್ದನ್ನು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅದು ನಾನು ಇಲ್ಲಿಗೆ ಬಂದು ಆರು ವರ್ಷವಾದ ಮೇಲಿನ ಮಾತು. ಅವಳು ಕೇಳಿದ್ದು ಮೊದಲನೆಯ ದಿನದ್ದು. "ಆರು ತಿಂಗಳು ಅಂದುಕೊಂಡಿದ್ದೆ" ಎಂದೆ. "ಆಮ್ಯಾಲ ಇಲ್ಲಿ ಬಿಟ್ಟು ಬರಾಕ ಮನಸಾಗಲಿಲ್ಲ. ನೀ ಅಲ್ಲಿ ಸುಖವಾಗಿದ್ದಿ ಅಂತ ನನಗ ನಾನೇ ಹೇಳಕೊಂಡೆ. ನಿನ್ನ ಕೇಳಲಿಲ್ಲ. ಅದು ನನ್ನ ತಪ್ಪು ಅದ."

"ಅಜ್ಜ ತನ್ನದೇ ತಪ್ಪು ಅಂದ" ಎಂದಳು.

"ಅವರದ್ ಅವರಿಗೆ. ನನ್ನದು ನಾ ಹೇಳಿದೆ."

ಒಳಗೆ ಹೋದಳು. ಆ ದಿನ ಮತ್ತೆ ಮಾತಾಡಲಿಲ್ಲ. ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಇನ್ನು ಅವಳು ಕಮಲಾಪುರಕ್ಕೆ ಹೋಗುತ್ತೇನೆ ಎನ್ನಬಹುದೆಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಇವತ್ತು ಬೆಳಿಗ್ಗೆ ಎಂಟೂವರೆಗೆ ನಾನು ಮೇಲೆ ಎರಡನೆಯ ತಂಡಕ್ಕೆ ಪಾಠ ಹೇಳುತ್ತಿದ್ದೆ. ಆ ಹೊತ್ತಿಗೆ ಕೆಳಗೆ ಆಟೋ, ಬಸ್ಸು, ಶಟರು ಎತ್ತುವ ಸದ್ದು, ಕೂಗಿದರೆ ಪಕ್ಕದವರಿಗೂ ಕೇಳುವುದಿಲ್ಲ. ಅದರ ನಡುವೆ, "ಅವ್ವಾ! ಏ ಅವ್ವಾ! ಫಾರಂ ಮರ್ತೀನಿ, ಲಗೂ ಒಗಿ!" ಎಂದು ಕೇಳಿಸಿತು. ಕಿಟಕಿಗೆ ಹೋಗಿ ನೋಡಿದೆ. ಬಳೆ ಅಂಗಡಿಯ ಮುಂದಿದ್ದ ಮೂವರು ಹೆಂಗಸರೂ ತಲೆ ಎತ್ತಿ ನೋಡುತ್ತಿದ್ದರು. ಅವರ ನಡುವೆ ಕಸ್ತೂರಿ, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈ ನನ್ನ ಕಡೆಗೆ.

ಕಾಲೇಜಿನ ಫಾರಂ ಅದು, ಮೇಜಿನ ಮೇಲೆ ಇತ್ತು. ಎಲ್ಲ ತುಂಬಿದ್ದಳು. ಪಾಲಕರ ಹೆಸರು ಎಂಬಲ್ಲಿ ನನ್ನ ಹೆಸರು ಬರೆದಿದ್ದಳು, ಸಹಿಯ ಜಾಗ ಮಾತ್ರ ಖಾಲಿ. ಸಹಿ ಮಾಡಿದೆ. ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕೆಳಗೆ ಎಸೆದೆ. ಅದು ಆಟೋದ ಮೇಲೆ ಬಿತ್ತು. ಆಟೋದವನು ತೆಗೆದು ಅವಳಿಗೆ ಕೊಟ್ಟ. ಅವಳು ಅದನ್ನು ಎತ್ತಿ ತೋರಿಸಿ ಓಡಿದಳು.

ಬಸ್ಸು ಸಿಕ್ಕಿತೋ ಇಲ್ಲವೋ. ಸಂಜೆ ಬಂದ ಮೇಲೆ ಕೇಳುತ್ತೇನೆ.

ಜಯದೇವಿ